ಏಳುಸುತ್ತಾ, ನೀರಾಟವಾ

ಟೇಪಿನ ತುದಿಯ ತಗಡು ತಣ್ಣಗಿರಬೇಕು, ಕುತ್ತಿಗೆಗೆ ತಗುಲಿದ ಕೂಡಲೇ ಹುಡುಗಿ ಭುಜವನ್ನು ಕಿವಿಯವರೆಗೆ ಎತ್ತಿ ಕಿಸಕ್ಕೆಂದಳು, ಅಲುಗಾಡಬೇಡ ಪುಟ್ಟಿ, ತೋಳು ಹದಿನಾಲ್ಕೂವರೆ, ಸೊಂಟ ಇಪ್ಪತ್ತೆರಡು, ಬೆಳಿಗ್ಗೆಯಿಂದ ಇವಳು ಹನ್ನೊಂದನೆಯವಳು — ಬೆಂಚಿನ ಮೇಲೆ ಇನ್ನೂ ಐದು ಮಕ್ಕಳು ಕಾಲು ಅಲ್ಲಾಡಿಸುತ್ತ ಕೂತಿದ್ದಾರೆ, ಶಾಲೆ ತೆರೆಯಲು ಮೂರೇ ವಾರ, ಮೂರು ಶಾಲೆಗಳ ಸಮವಸ್ತ್ರ ನಮ್ಮ ಒಂದೇ ಅಂಗಡಿಯಲ್ಲಿ, ನನ್ನ ತಲೆ ಮಾತ್ರ ಪೂರ್ತಿ ಅಲ್ಲಿ, ನೀಲಿ ಬಟ್ಟೆಯ ಥಾನಿಗೆ ಒರಗಿಸಿಟ್ಟ ಫೋನಿನಲ್ಲಿ, ಅದರಲ್ಲಿ ಇಪ್ಪತ್ತೆರಡು ನಿಮಿಷ ಹನ್ನೊಂದು ಸೆಕೆಂಡು, ಹತ್ತು, ಒಂಬತ್ತು, ಗುರುವಾರಕ್ಕೆ ಕೊನೆಯ ನಾಲ್ಕು ಟಿಕೆಟ್ ನಿಮಗಾಗಿ ಹಿಡಿದಿಟ್ಟಿದ್ದೇವೆ ಎಂದು ಏಳುಸುತ್ತು ಪಾರ್ಕಿನವರು ಬರೆದಿದ್ದಾರೆ, ಪಕ್ಕದ ಪುಟದಲ್ಲಿ ನೀರಾಟ ಪಾರ್ಕು, ಅವರಿಗೆ ಆತುರವೇ ಇಲ್ಲ, ಎಷ್ಟು ಜನ ಬಂದು ಬಿದ್ದರೂ ಅವರ ಕೊಳದಲ್ಲಿ ಜಾಗ ಇದೆ. ಎರಡೂ ಪಾರ್ಕುಗಳು ಜಗಳಗಂಟಿ ನೆರೆಮನೆಯವರ ಹಾಗೆ, ಇವರು ಒದ್ದೆಯಾಗದೆ ಮಜಾ ಮಾಡಿ ಎಂದು ರಸ್ತೆ ಬದಿ ಹಲಗೆ ಹಾಕಿದರೆ ಅವರು ಅದರ ಎದುರಿಗೇ ವಾಂತಿಯಾಗದೆ ಮಜಾ ಮಾಡಿ ಎಂದು ಹಾಕುತ್ತಾರೆ, ಒಂದು ಊರಿನ ಈ ಕಡೆ, ಇನ್ನೊಂದು ಆ ಕಡೆ, ಒಂದೇ ದಿನ ಎರಡೂ ಆಗುವುದಿಲ್ಲ, ನಮಗಿರುವುದೂ ಒಂದೇ ದಿನ, ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ರಜೆ ಸಿಕ್ಕಿದ್ದು ಒಂದು ಗುರುವಾರ, ಆ ಒಂದು ಗುರುವಾರಕ್ಕಾಗಿ ಅವಳು ಬೇರೆ ಇಬ್ಬರ ಭಾನುವಾರದ ಪಾಳಿ ತಾನು ಮಾಡಿಕೊಟ್ಟಿದ್ದಾಳೆ. ಅಪ್ಪನ ಓಟು ನೀರಾಟಕ್ಕೆ, ಇಪ್ಪತ್ತೈದು ವರ್ಷ ಬಗ್ಗಿ ಬಟ್ಟೆ ಕತ್ತರಿಸಿದ ಬೆನ್ನು ಕಣ್ರೇ ಇದು, ಅರ್ಧ ದಿನ ಎಮ್ಮೆ ಥರ ನೀರಲ್ಲಿ ಬಿದ್ದಿರ್ತೀನಿ ಬಿಡಿ ನನ್ನ. ಅಮ್ಮನ ಓಟು ಆ ಎಮ್ಮೆಯ ಹಿಂದೆಯೇ ಹೋಯಿತು, ಎಲ್ಲಿಗೆ ಹೋದ್ರೂ ನಾನು ಬ್ಯಾಗ್ ಕಾಯೋದೇ ತಾನೆ, ನೀರಿನ ಹತ್ರ ಆದ್ರೆ ಕಾಲಾದ್ರೂ ತಂಪಾಗಿರುತ್ತೆ. ನನ್ನದೂ ತಂಗಿ ಗುಂಡಿಯದೂ ಏಳುಸುತ್ತಿಗೆ. ಎರಡಕ್ಕೆ ಎರಡು. ನಿನ್ನೆ ಊಟ ಮುಗಿಸಿ ಕೈ ತೊಳೆಯಲು ಏಳುತ್ತ ಅಪ್ಪ ನನ್ನನ್ನು ನೋಡಿದರು, ಫೋನು ಆಡಿಸೋಳು ನೀನು, ಕತ್ತರಿ ನಿನ್ನ ಕೈಲಿದೆ, ನೀನೇ ಕತ್ತರಿಸು. ನಮ್ಮ ಮನೆಯಲ್ಲಿ ಅದೇ ಕಾನೂನು, ಕತ್ತರಿ ಆಡಿಸಿದ ಮೇಲೆ ಯಾಕೆ ಹೀಗೆ ಕತ್ತರಿಸಿದೆ ಎಂದು ಯಾರೂ ಕೇಳುವಂತಿಲ್ಲ.

ಹಾಗಾದರೆ ಇನ್ನೇನು ಯೋಚನೆ, ಒತ್ತಿಬಿಡಬೇಕಿತ್ತು ಬೆಳಿಗ್ಗೆಯೇ, ಒತ್ತುವ ಬಟನ್ನು ಹಸಿರಾಗಿ ಮಿನುಗುತ್ತಲೇ ಇದೆ, ಆದರೆ ಬೆಳಿಗ್ಗೆಯಿಂದ ಒಂದು ಮಗು ಇಳಿದರೆ ಇನ್ನೊಂದು ಮಗು, ಟೇಪು ಕೊರಳಿಂದ ಇಳಿಸಲೂ ಪುರಸೊತ್ತಿಲ್ಲ. ಏಳುಸುತ್ತಿನ ರೈಲು ನನಗೆ ಬಾಯಿಪಾಠ — ಮೊದಲು ಟಕ ಟಕ ಟಕ ಎಂದು ಏರುತ್ತದೆ, ತುದಿಯಲ್ಲಿ ಮೂರು ಸೆಕೆಂಡು ನಿಲ್ಲುತ್ತದೆ, ಸುಮ್ಮನೆ, ಬೇಕೆಂದೇ, ಹೊಟ್ಟೆ ಗಂಟಲಿಗೆ ಬರಲಿ ಎಂದು, ಆಮೇಲೆ ಬೀಳುತ್ತದೆ, ಎರಡನೆಯ ಸುತ್ತಿನಲ್ಲಿ ತಲೆಕೆಳಗು, ಐದನೆಯದು ಕತ್ತಲೆಯ ಸುರಂಗದೊಳಗೆ, ಆ ರೈಲಿನ ಎಷ್ಟು ವಿಡಿಯೋ ನೋಡಿದ್ದೇನೋ ಲೆಕ್ಕವಿಲ್ಲ, ಗುಂಡಿಯೂ ನನ್ನ ಭುಜಕ್ಕೆ ಗಲ್ಲ ಊರಿಕೊಂಡು ನೋಡಿದ್ದಾಳೆ, ಅಕ್ಕಾ ಇಲ್ಲಿ ಕಿರುಚಬೇಕಾ, ಇಲ್ಲಿ ಬೇಡ, ಮುಂದಿನ ತಿರುವಲ್ಲಿ ಕಿರುಚು, ಈಗಲೇ ಕಿರುಚಿದ್ರೆ ಆಮೇಲೆ ಉಸಿರು ಉಳಿಯಲ್ಲ. ಎರಡು ವರ್ಷದವಳಿದ್ದಾಗ ಅಂಗಿಯ ಗುಂಡಿ ನುಂಗಿ ಈ ಹೆಸರು ಸಂಪಾದಿಸಿದಳು, ಮಾರನೆಯ ದಿನ ಅದು ವಾಪಸ್ ಬಂದಾಗ ಅಪ್ಪ ತೊಳೆದು ಅದೇ ಅಂಗಿಗೆ ಹೊಲಿದರು ಎಂದು ಮಾವ ಇವತ್ತಿಗೂ ಸಾರುತ್ತಾರೆ, ಸುಳ್ಳು, ಬೇರೆ ಅಂಗಿಗೆ ಹೊಲಿದರು. ಈಗ ಒಂಬತ್ತು ದಾಟಿದೆ, ಬಟ್ಟೆ ಕತ್ತರಿಸುವ ಅಚ್ಚು ತೆಗೆದು ಉಳಿದ ಕಾಗದದ ಹಿಂಭಾಗದಲ್ಲಿ ಏಳು ಸುತ್ತನ್ನೂ ಬರೆದು ಮಂಚದ ಮೇಲಿನ ಗೋಡೆಗೆ ಅಂಟಿಸಿದ್ದಾಳೆ, ಎರಡು ಪುಟ್ಟ ತಲೆ, ಒಂದಕ್ಕೆ ಜಡೆ, ಅದು ನಾನು. ನೂರ ಮೂವತ್ತು ಸೆಂಟಿಮೀಟರ್ ಇರಬೇಕು ದೊಡ್ಡ ರೈಲಿಗೆ, ಏಳುಸುತ್ತಿನವರು ಕೆಂಪಕ್ಷರದಲ್ಲಿ ಬರೆದಿದ್ದಾರೆ, ಕಡಿಮೆ ಇದ್ದವರನ್ನು ಯಾವ ಕಾರಣಕ್ಕೂ ಬಿಡುವುದಿಲ್ಲ, ನೀರಾಟದಲ್ಲಿ ಅತಿ ಎತ್ತರದ ಜಾರುಬಂಡೆಗೂ ನೂರಿಪ್ಪತ್ತು ಸಾಕು. ಅದಕ್ಕೇ ತಾನೆ ಹೋದ ವಾರ ಅಳತೆ ಪುಸ್ತಕ ತೆಗೆದು ನೋಡಿದ್ದು, ನನ್ನದೇ ಕೈಬರಹ, ಗುಂಡಿ, ಎತ್ತರ ಐವತ್ತೆರಡು, ಟೇಪು ಮಗುಚಿ ನೋಡಿದರೆ ಐವತ್ತೆರಡು ಇಂಚಿನ ಬೆನ್ನಿಗೆ ನೂರ ಮೂವತ್ತೆರಡು ಸೆಂಟಿಮೀಟರ್, ಎರಡು ಜಾಸ್ತಿಯೇ, ಗುಂಡೀ ನೀನು ಪಾಸ್ ಕಣೆ ಎಂದು ಮೆಟ್ಟಿಲ ಕೆಳಗಿಂದ ಕೂಗಿದೆ, ಮೇಲಿಂದ ಬರೀ ಕುಣಿದ ಸದ್ದು, ಅಪ್ಪನ ತಲೆ ಮೇಲೆ ಸುಣ್ಣ ಉದುರಿತು. ಅವತ್ತೇ ಬೀದಿಯ ಅಷ್ಟೂ ಮಕ್ಕಳಿಗೆ ಸುದ್ದಿ ಹೋಯಿತು.

ಬಾ ಪುಟ್ಟಿ, ಈಗ ಎತ್ತರ, ಬಾಗಿಲ ಚೌಕಟ್ಟಿಗೆ ಹೊಡೆದ, ಇಂಚಿನ ಗೆರೆಗಳಿರುವ ಮರದ ಪಟ್ಟಿಗೆ ಬೆನ್ನು ತಾಗಿಸಿ ನಿಲ್ಲು, ಹಿಮ್ಮಡಿ ನೆಲಕ್ಕಿಡು, ಜಾಣೆ, ತಲೆಯ ಮೇಲೆ ಅಡ್ಡ ಸ್ಕೇಲು, ನಲವತ್ನಾಲ್ಕು ಎಂದು ಗಟ್ಟಿಯಾಗಿ ಹೇಳಿಕೊಂಡು ಪುಸ್ತಕಕ್ಕೆ ಬಗ್ಗಿದೆ, ಹುಡುಗಿಯ ಅಮ್ಮ ನನ್ನ ಭುಜದ ಮೇಲಿಂದ ಇಣುಕಿದರು, ಏನಮ್ಮಾ, ನಲವತ್ನಾಲ್ಕು ಅಂದೆ, ನಲವತ್ತಾರು ಬರೆದಿದೀಯ. ಬೆಳೆಯೋ ಮಗು ಅಲ್ವಾ ಆಂಟಿ, ಎರಡಿಂಚು ಸೇರಿಸೇ ಬರೆಯೋದು, ಅಚ್ಚು ತೆಗೆಯೋವಾಗ ಮರೆತು ಹೋಗಬಾರದು ಅಂತ — ನಗುತ್ತಲೇ ಹೇಳಿದೆ, ಹೇಳಿ ಮುಗಿಯುವ ಮೊದಲೇ ನಗು ಬಾಯಲ್ಲೇ ಒಣಗಿತು. ಎರಡಿಂಚು ಸೇರಿಸೇ ಬರೆಯೋದು. ಪುಸ್ತಕ ಹಿಂದಕ್ಕೆ ತಿರುಗಿಸುತ್ತಿದ್ದೇನೆ, ಹತ್ತು ಪುಟ, ಹದಿನೈದು ಪುಟ, ಗುಂಡಿ, ಎತ್ತರ ಐವತ್ತೆರಡು, ಹೋದ ತಿಂಗಳು ಅವಳ ಹೊಸ ಸಮವಸ್ತ್ರಕ್ಕೆ ನಾನೇ ಬರೆದದ್ದು, ಆಗ ಪಟ್ಟಿ ಎಷ್ಟು ತೋರಿಸಿತ್ತು, ನೆನಪಿಲ್ಲ, ಯಾಕೆ ನೆನಪಿರುತ್ತದೆ, ದಿನಕ್ಕೆ ಇಪ್ಪತ್ತು ಮಕ್ಕಳು, ಕಣ್ಣು ಒಂದು ಓದುತ್ತದೆ, ಕೈ ಇನ್ನೊಂದು ಬರೆಯುತ್ತದೆ, ಹದಿಮೂರನೇ ವಯಸ್ಸಿನಲ್ಲಿ ಅಪ್ಪ ಟೇಪು ಕೊಟ್ಟಾಗಲೇ ಹೇಳಿದ್ದರು, ಮಕ್ಕಳಿಗೆ ಇವತ್ತಿನ ಅಳತೆ ಬರೀಬೇಡ ಮಗಳೇ, ವರ್ಷದ ಕೊನೇ ಪರೀಕ್ಷೆ ಹೊತ್ತಿಗೆ ಎಷ್ಟಿರ್ತಾರೋ ಅದನ್ನ ಬರಿ. ಈ ಪುಸ್ತಕದಲ್ಲಿರುವ ಯಾವ ಮಗುವೂ ಅಷ್ಟೆತ್ತರ ಇಲ್ಲ. ಐವತ್ತು. ನೂರಿಪ್ಪತ್ತೇಳು. ಮೂರು ಕಡಿಮೆ.

ಮುಂದಿನ ಮಗು ಬಂದು ನಿಂತಿದೆ, ಅಕ್ಕ ನನ್ನ ಅಳತೆ, ಇರು ಕಂದ, ಒಂದು ನಿಮಿಷ — ಹದಿನಾಲ್ಕು ನಿಮಿಷ ಇದೆ ಫೋನಿನಲ್ಲಿ, ಮೂರು ಸೆಂಟಿಮೀಟರ್ ಎಂದರೆ ಎಷ್ಟು, ದಪ್ಪ ಅಟ್ಟೆಯ ಚಪ್ಪಲಿ ಹಾಕಿಸಿದರೆ, ಇಲ್ಲ, ಅವರು ಚಪ್ಪಲಿ ಬಿಡಿಸುತ್ತಾರೆ, ಹೋದ ವರ್ಷವೂ ಬಿಡಿಸಿದ್ದರು, ಜಾತ್ರೆ ಮೈದಾನದ ಸಣ್ಣ ರೈಲಿಗೆ, ಅರ್ಧ ಗಂಟೆ ಸಾಲಿನಲ್ಲಿ ನಿಂತು ಕೊನೆಗೆ ನಮ್ಮ ಸರದಿ, ಗೇಟಿನ ಟೋಪಿಯವನು ಎತ್ತರ ನೋಡಲು ಅಡ್ಡ ಕೋಲು ಇಳಿಸಿದ, ಗುಂಡಿಯ ತಲೆ ಕೋಲಿಗೆ ತಾಗಿತು, ನಾನು ಇನ್ನೇನು ಒಳಗೆ ಕಾಲಿಡಬೇಕು, ಅವನು ಕೆಳಗೆ ನೋಡಿದ, ಹಿಮ್ಮಡಿ ಇಳಿಸಮ್ಮ. ಬೈಯಲಿಲ್ಲ, ಮೆತ್ತಗೇ ಹೇಳಿದ. ನಾನೂ ನೋಡಿದೆ, ಕೆಂಪು ಧೂಳಿನ ಮೇಲೆ ಬರೀ ಕಾಲ್ಬೆರಳು, ನಡುಗುವ ಮೀನಖಂಡ, ಎರಡು ಹಿಮ್ಮಡಿ ನಿಧಾನ ಇಳಿದವು, ಇಳಿದು ಧೂಳಿಗೆ ತಾಗಿದವು, ಕೋಲಿಗೂ ಅವಳ ಕೂದಲಿಗೂ ನಡುವೆ ಆಕಾಶ ಬಂತು. ಹಿಂದಿನವರು ಬೇಗ ಬೇಗ ಎನ್ನುತ್ತಿದ್ದರು. ನಾನು ಏನು ಮಾಡಿದೆ — ಅದನ್ನೂ ಹೇಳಿಕೊಳ್ಳಬೇಕು, ಇಲ್ಲಿ ಕೇಳುವವರು ಯಾರಿದ್ದಾರೆ — ನನ್ನ ಚೀಲ ಅವಳ ಕೈಗೆ ಕೊಟ್ಟು, ಎರಡೇ ನಿಮಿಷ ಗುಂಡಿ, ಇಲ್ಲೇ ನಿಂತಿರು ಎಂದು ರೈಲು ಹತ್ತಿದೆ. ಮೇಲಿಂದ ಕೈ ಬೀಸಿದೆ. ಬೇಲಿಯ ಹತ್ತಿರ ಅವಳು, ಎರಡು ಚೀಲ, ಎರಡು ಜೊತೆ ಚಪ್ಪಲಿ. ಇಳಿದು ಬಂದಾಗ ಅವಳು ಅಳುತ್ತಿರಲಿಲ್ಲ, ಮೇಲಿಂದ ಏನು ಕಾಣುತ್ತೆ ಅಕ್ಕಾ ಎಂದಳು, ಆಮೇಲೆ ಇಡೀ ವರ್ಷ ಅದನ್ನೇ ಕೇಳಿದಳು, ನಾನೂ ಹೇಳುತ್ತಲೇ ಬಂದೆ, ಕೇಳಿದಾಗಲೆಲ್ಲ ಒಂದೆರಡು ಅಂತಸ್ತು ಎತ್ತರ ಸೇರಿಸಿ.

ಇನ್ನೊಮ್ಮೆ ಆಗಬಾರದು, ಅಷ್ಟೇ, ಇನ್ನೊಬ್ಬ ಟೋಪಿಯವನು, ಇನ್ನೊಂದು ಕೋಲು, ಈ ಸಲ ಅಪ್ಪ ಅಮ್ಮನ ಎದುರಿಗೆ, ಬೀದಿಗೆಲ್ಲ ಸಾರಿ ಬಂದ ಮೇಲೆ. ನೀರಾಟ. ನೀರಾಟವೇ ಸರಿ, ಅಲ್ಲಿ ನೂರಿಪ್ಪತ್ತು, ನಗುತ್ತ ಒಳಗೆ ಹೋಗುತ್ತಾಳೆ, ಅಪ್ಪನ ಬೆನ್ನಿಗೂ ಒಳ್ಳೆಯದು, ಆದರೆ ಯಾಕೆ ಎಂದು ಕೇಳುತ್ತಾಳೆ, ಕತ್ತರಿಯ ಕಾನೂನು ಅಪ್ಪನಿಗೆ ಅಮ್ಮನಿಗೆ, ಗುಂಡಿಗೆ ಯಾವ ಕಾನೂನೂ ಇಲ್ಲ, ನೀನು ಗಿಡ್ಡ, ನನ್ನ ಕೈ ತಪ್ಪು ಬರೆಯಿತು ಎಂದು ಹೇಳುವುದು ಹೇಗೆ, ಮಂಚದ ಮೇಲಿನ ಆ ಎರಡು ತಲೆಗಳಲ್ಲಿ ಒಂದನ್ನು ರಬ್ಬರಿನಲ್ಲಿ ಅಳಿಸು ಎಂದ ಹಾಗೆ. ಬೇರೆ ಏನಾದರೂ. ನನ್ನ ಮೇಲೆಯೇ ಹಾಕಿಕೊಂಡರಾಯಿತು — ಫೋನು ಎತ್ತಿ ಮನೆಯವರ ಗುಂಪಿಗೆ ಬಡಬಡ ಬರೆದೆ, ನೀರಾಟಕ್ಕೇ ಹೋಗೋಣ, ಏಳುಸುತ್ತು ನೋಡಿದ್ರೆ ನಂಗೆ ಭಯ ಆಗ್ತಿದೆ, ನಿಜವಾಗ್ಲೂ. ಕಳಿಸಿದೆ. ಟಿಕೆಟ್ಟು ಇನ್ನೂ ಒತ್ತಿಲ್ಲ, ಏಳುಸುತ್ತಿನ ಗಡಿಯಾರ ಓಡುತ್ತಲೇ ಇದೆ, ಐದು ನಿಮಿಷ, ಅದನ್ನು ಮುಚ್ಚಲು ಬೆರಳು ಬರುತ್ತಿಲ್ಲ, ಆ ಮೂರು ಸೆಕೆಂಡು, ಆ ಸುರಂಗ, ಎಷ್ಟು ಆಸೆಪಟ್ಟಿದ್ದೆ ನಾನೂ. ಕತ್ತರಿಸುವ ಮೇಜಿನ ಆ ಕಡೆಯಿಂದ ಅಪ್ಪ ಕನ್ನಡಕ ಹಣೆಗೇರಿಸಿ ಫೋನು ದೂರ ಹಿಡಿದು ಓದಿದರು, ಏನೇ ಇದು, ಪಾರ್ಕಿನ ಹುಲಿ ಅಂತಿದ್ದೆ, ಬೆಕ್ಕಾಗಿ ಹೋದ್ಯಲ್ಲೇ. ಬೆಂಚಿನ ಮೇಲಿನ ತಾಯಂದಿರೆಲ್ಲ ನಕ್ಕರು. ಅಮ್ಮ ಧ್ವನಿ ಕಳಿಸಿದಳು, ಹಿಂದೆ ಯಂತ್ರಗಳ ಗಡಗಡ, ಯಾವುದಾದ್ರೂ ಒಂದು ಬೇಗ ಹೇಳ್ರೇ, ಮಾವ ಗುರುವಾರ ವ್ಯಾನು ಯಾವ ಕಡೆ ತಿರುಗಿಸ್ಲಿ ಅಂತ ನನಗೆ ಫೋನ್ ಮೇಲೆ ಫೋನ್ ಮಾಡ್ತಿದಾನೆ.

ಮೆಟ್ಟಿಲ ಮೇಲೆ ಧಡಧಡ, ಗುಂಡಿ, ಬರಿಗಾಲು, ಮನೆಯ ಹಳೆಯ ಫೋನು ಕೈಯಲ್ಲಿ. ಅಕ್ಕಾ, ನಿಂಗೆ ಭಯಾನಾ. ಹೂಂ. ಸುಳ್ಳು. ಸುಳ್ಳಲ್ಲ ಕಣೆ. ಹೋದ ವರ್ಷ ಮೇಲಿಂದ ಕೈ ಬೀಸಿದ್ಯಲ್ಲ. ಬೀಸ್ಲಿಲ್ಲ ಕಣೆ, ಅದಾಗೇ ನಡುಗ್ತಿತ್ತು. ಎಷ್ಟು ಸಲೀಸಾಗಿ ಬಂತು ಬಾಯಿಗೆ, ಅವಳು ನನ್ನ ಮುಖವನ್ನೇ ನೋಡಿದಳು, ಬಟ್ಟೆಯಲ್ಲಿ ಕೊಳೆ ಹುಡುಕುವಾಗ ಅಮ್ಮ ನೋಡುವ ಹಾಗೆ, ಆಮೇಲೆ ತೀರ್ಮಾನ ಮಾಡಿದವಳಂತೆ ಉಸಿರು ಬಿಟ್ಟಳು, ಅಷ್ಟೇ ತಾನೆ, ನಾನು ಪಕ್ಕದಲ್ಲೇ ಕೂತಿರ್ತೀನಿ, ಕೈ ಹಿಡ್ಕೋತೀನಿ, ನೀನು ಕಣ್ಣು ಮುಚ್ಕೊ, ಎಲ್ಲಿಗೆ ಬಂತು ಅಂತ ನಾನು ಹೇಳ್ತಾ ಇರ್ತೀನಿ, ಈಗ ಮೇಲೆ, ಈಗ ಸುರಂಗ, ಈಗ ಮುಗೀತು ಅಂತ. ಅಪ್ಪನ ಕತ್ತರಿಯ ಸದ್ದು ನಿಂತಿದೆ. ನಾನು ಏನಾದರೂ ಹೇಳಬೇಕು, ಗುಂಡಿ ಅದು ಹಾಗಲ್ಲ, ಎರಡು ನಿಮಿಷ ಇದೆ, ಒಂದೂವರೆ, ಅವಳು ಆಗಲೇ ಬಾಗಿಲ ಚೌಕಟ್ಟಿನ ಕಡೆ ನಡೆದಿದ್ದಾಳೆ, ಬೇಕಾದ್ರೆ ಇನ್ನೊಂದ್ಸಲ ಅಳತೆ ತಗೋ, ಪುಸ್ತಕದಲ್ಲಿರೋದು ಸರೀನಾ ಅಂತ, ಗೇಟಲ್ಲಿ ಕೇಳಿದ್ರೆ ಹೇಳೋಕೆ. ಮರದ ಪಟ್ಟಿಗೆ ಬೆನ್ನು ತಾಗಿಸಿ, ಗಲ್ಲ ಒಳಗೆಳೆದು, ಎದುರು ಗೋಡೆ ನೋಡುತ್ತ ನಿಂತಳು, ಸ್ಕೇಲು ತೆಗೆದು ತಲೆಯ ಮೇಲೆ ಅಡ್ಡ ಇಟ್ಟೆ, ಐವತ್ತೆರಡು. ಸರಿಯಾಗಿ ಐವತ್ತೆರಡು, ಒಂದು ಗೆರೆ ಆಚೆ ಈಚೆ ಇಲ್ಲ, ನಾನು ಬರೆದದ್ದಕ್ಕೇ ಬಂದು ನಿಂತಿದೆ. ಕೆಳಗೆ ನೋಡಿದೆ. ಕಾಲ್ಬೆರಳು. ಮೀನಖಂಡ ನಡುಗುತ್ತಿಲ್ಲ, ಹೋದ ವರ್ಷದ ಹಾಗೆ ಒಂದು ಚೂರೂ ಇಲ್ಲ, ಇಷ್ಟು ಗಟ್ಟಿಯಾಗಿ ನಿಲ್ಲಬೇಕಾದರೆ ಎಷ್ಟು ದಿನ ನಿಂತು ನಿಂತು ಕಲಿತಿರಬೇಕು, ಎಲ್ಲಿ, ಮೇಲೆ, ಬಾಗಿಲು ಹಾಕಿಕೊಂಡು, ನಾನು ಪಾಸ್ ಕಣೆ ಎಂದು ಕೂಗಿದ ದಿನದಿಂದಲಾ, ಹಾಗಾದರೆ ಇವಳಿಗೆ ಗೊತ್ತು, ಇವಳೂ ಟೇಪು ಹಿಡಿಯುವ ಮನೆಯಲ್ಲೇ ಹುಟ್ಟಿದವಳು, ಫೋನು ಸಣ್ಣಗೆ ಟಣ್ ಎಂದಿತು, ನೀವು ಹಿಡಿದಿಟ್ಟ ಟಿಕೆಟ್ ಬೇರೆಯವರಿಗೆ ಹೋಗಿದೆ, ಯಾರೂ ತಿರುಗಿ ನೋಡಲಿಲ್ಲ, ಎಷ್ಟಕ್ಕಾ ಎನ್ನುತ್ತಿದ್ದಾಳೆ, ತುಟಿ ಮಾತ್ರ ಆಡಿಸಿ, ಮೈ ಅಲುಗದಂತೆ, ಬೆಳಿಗ್ಗೆಯಿಂದ ಹನ್ನೊಂದು ಮಕ್ಕಳಿಗೆ ಹೇಳಿದ ಮಾತು, ಹಿಮ್ಮಡಿ ನೆಲಕ್ಕಿಡು, ನಾಲಿಗೆಯ ತುದಿಯಲ್ಲಿದೆ, ಬರುತ್ತಿಲ್ಲ, ಎಷ್ಟಕ್ಕಾ, ಬಾಗಿಲಿಂದ ಬಂದ ಬಿಸಿಲು ನೆಲದ ಮೇಲೆ ಹರಿದು ಅವಳ ಪಾದದ ಅಡಿಗೆ ಹೋಗಿದೆ, ಹಿಮ್ಮಡಿ, ಎರಡು ಹಿಮ್ಮಡಿ, ಅವುಗಳ ಕೆಳಗೆ ಎರಡಿಂಚು ಬೆಳಕು —