ಎತ್ತಿದ ಕೈ

ಮತ್ತೆ ಮಂಜು ಕಟ್ಟಿತು ದುರ್ಬೀನಿನ ಗಾಜಿಗೆ, ಶಾಲಿನಿಂದ ಒರೆಸ್ಬೇಡ ಅಕ್ಕಾ ಗೀರು ಬೀಳುತ್ತೆ ಅನ್ನುತ್ತಿದ್ದ ತಮ್ಮ, ಕನ್ನಡಕದಂಗಡಿಯವನಲ್ಲವೇ, ಗಾಜೆಂದರೆ ಜೀವ — ಅವಳು ಶಾಲಿನಿಂದಲೇ ಒರೆಸಿದಳು, ಈಗ ಬೈಯುವವರು ಯಾರಿದ್ದಾರೆ, ಕಾಲಡಿ ಅಟ್ಟಣೆಯ ಹಲಗೆ ತಣ್ಣಗೆ ಕೊರೆಯುತ್ತಿದೆ, ಕೆಳಗೆ ಜೊಂಡು, ಜೊಂಡಿನಾಚೆ ನೀರು, ನೀರಿನ ತುಂಬ ಬಾತುಗಳು, ಏನು ಸಂತೆಯ ಗದ್ದಲವೋ ಇವಕ್ಕೆ, ಊರಿಗೆಲ್ಲ ಕನ್ನಡಕ ಹಾಕೋನ ಅಕ್ಕನಿಗೆ ಬಾತೂ ಬಕವೂ ಒಂದೇ ನೋಡಿ ಅಂತ ಎಲ್ಲರೆದುರಿಗೆ ಕಿಚಾಯಿಸುತ್ತಿದ್ದ, ದೀಪದ ಬುಡದಲ್ಲಿ ಕತ್ತಲೆ, ಹೌದಪ್ಪಾ ಕತ್ತಲೆಯೇ, ಆದರೆ ಹೋದ ಚಳಿಗಾಲ ಇದೇ ಹಲಗೆಯ ಮೇಲೆ ನಿಂತು ಎಷ್ಟು ಚೆನ್ನಾಗಿ ನೋಡಿದ್ದಳು ಅವಳು, ಎವೆಯಿಕ್ಕದೆ, ಅದೇ ಸಂಕಟ.

ಹಕ್ಕಿ ನೋಡುವ ಗುಂಪಿನ ಕಟ್ಟುಪಾಡು ಅವನೇ ಮಾಡಿದ್ದು, ಹಕ್ಕಿ ಕಂಡರೆ ಕೂಗಬಾರದು, ಬೆರಳು ಕೂಡಿಸಿ ಕೈ ಎತ್ತಬೇಕು, ಉಳಿದವರೂ ಕೈ ಎತ್ತಿ ಉತ್ತರ ಕೊಡಬೇಕು — ನೋಡಿದೆ, ಅಲುಗುವುದಿಲ್ಲ ಅಂತ — ಅವತ್ತು, ಅಲ್ಲೇನೋ ಕದಲ್ತಿದೆ ಅಕ್ಕಾ ಐದೇ ನಿಮಿಷ ಅಂತ ಜೊಂಡಿಗಿಳಿದ, ಸ್ವಲ್ಪ ಹೊತ್ತಿಗೆ ಜೊಂಡಿನ ಮೇಲೆ ಕೈ ಎದ್ದಿತು, ಸಿಕ್ಕಿತು ಇವನಿಗೆ ಅಂತ ಹಿಗ್ಗಿದಳು, ಪಕ್ಕದಲ್ಲಿ ಕೆಮ್ಮಿದ ಗುಂಪಿನ ಮೇಷ್ಟ್ರಿಗೆ ಶ್ ಅಂದಳು, ತಾನೂ ಕೈ ಎತ್ತಿದಳು, ಕೆಸರು ಆಗಲೇ ಅವನ ಎದೆಗೆ ಬಂದಿತ್ತಂತೆ, ಕೂಗಿದ್ದನೇನೋ, ಗಾಳಿ ಆ ಕಡೆಗಿತ್ತು, ಹಕ್ಕಿ ನೋಡ್ತಾನೇ ಹೋದ ಕಣಮ್ಮ ಪುಣ್ಯವಂತ ಅಂತ ಮೇಷ್ಟ್ರು ತಮ್ಮನ ಹೆಂಡತಿಗೆ ಹೇಳಿಬಿಟ್ಟರು, ಆ ಮಾತನ್ನೇ ಹಿಡಿದುಕೊಂಡು ಬದುಕಿದ್ದಾಳೆ ಅವಳು, ಇವತ್ತು ಬೆಳಿಗ್ಗೆಯೂ ಬಾಗಿಲಲ್ಲಿ ನಿಂತು, ಯಾವ ಹಕ್ಕಿ ಅತ್ತಿಗೆ, ಅಲ್ಲಿ ಹೋದ್ಮೇಲಾದ್ರೂ ನೆನಪಾಗುತ್ತಾ ನೋಡಿ, ಹೆಸರು ಗೊತ್ತಾದ್ರೆ ಸಾಕು — ಏನಂತ ಹೇಳಲಿ, ಹಕ್ಕಿ ಇರಲಿಲ್ಲ ಕಣೇ, ನನ್ನ ಕೈ ಅವನಿಗೆ ಕಂಡಿತ್ತು, ಅಕ್ಕ ನೋಡಿದ್ಲು, ಇನ್ನೇನು ಬರ್ತಾಳೆ ಅಂತ ನಂಬಿ ಕಾದ, ನಾನು ಕೈ ಎತ್ತಿಕೊಂಡು ನಿಂತೇ ಇದ್ದೆ, ನಿಂತೇ ಇದ್ದೆ — ಈಗ ಎಡಗಡೆ ಮೇಷ್ಟ್ರು ಕೈ ಎತ್ತಿದರು, ಏನೋ ಕಂಡಿರಬೇಕು, ಹಿಂದೆಯೇ ಒಂದೊಂದಾಗಿ ಕೈಗಳೆದ್ದವು, ನೀವೂ ಎತ್ತಿ ಅಂತ ಮೇಷ್ಟ್ರು ಕಣ್ಣಲ್ಲೇ ಹೇಳುತ್ತಿದ್ದಾರೆ, ಶಾಲಿನೊಳಗಿನ ಕೈ ಮೇಲೇಳಲೊಲ್ಲದು, ಎಲ್ಲರ ಬೆರಳುಗಳೂ ಎಷ್ಟು ಒಪ್ಪವಾಗಿ ಕೂಡಿವೆ, ಹಕ್ಕಿಗೆ ಎತ್ತುವ ಕೈ ಹಾಗೇ ಇರಬೇಕು, ಅವನೇ ಹೇಳಿಕೊಟ್ಟದ್ದು, ಅವನು ಮರೆಯುವವನಲ್ಲ, ಆದರೆ ಅವತ್ತು ಗಾಜಿನಲ್ಲಿ, ಮಂಜಿಲ್ಲದ ಗಾಜಿನಲ್ಲಿ, ಜೊಂಡಿನ ಮೇಲೆ ಅವನ ಕೈ, ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು, ಐದೂ