ಖಾಲಿ ಪೆಟ್ಟಿಗೆಯ ಮುಯ್ಯಿ

ನಾನು ಸೀರೆ ಇಡುವ ಒಂದು ರಟ್ಟಿನ ಪೆಟ್ಟಿಗೆ. ನನಗೆ ತಗುಲಿದ ಖರ್ಚು ಹದಿನೆಂಟು ರೂಪಾಯಿ. ರಟ್ಟು, ಅದರ ಮೇಲೊಂದು ಕೆಂಪು ಹಾಳೆ, ಮುಚ್ಚಳದ ಮೇಲೆ ಚಿನ್ನದ ಬಣ್ಣದಲ್ಲಿ ಅಂಗಡಿಯ ಹೆಸರು. ನನ್ನೊಳಗೆ ಮೊದಲು ಮಲಗಿದ ರೇಷ್ಮೆ ಸೀರೆಗೆ ಒಂಬತ್ತು ಸಾವಿರ. ಜನ ಸೀರೆ ಮುಟ್ಟುವ ಮೊದಲು ನನ್ನ ಮುಚ್ಚಳ ಓದುತ್ತಾರೆ ಎಂಬುದನ್ನು ಅಂಗಡಿಯಲ್ಲೇ ಕಂಡುಕೊಂಡಿದ್ದೆ.

ನನ್ನನ್ನು ಮನೆಗೆ ತಂದವಳು ತಿಪಟೂರಿನ ಪಂಕಜಾಕ್ಷಿ. ಸೀರೆ ಬೀರು ಸೇರಿತು, ನಾನು ಅಟ್ಟ ಸೇರಿದೆ. ಅಲ್ಲಿ ಉಡುಗೊರೆಗಳಿಂದ ಬಿಚ್ಚಿ ಇಸ್ತ್ರಿ ಮಾಡಿದ ಬಣ್ಣದ ಕಾಗದ, ಯಾರದೋ ಮದುವೆಯ ರಿಬ್ಬನ್, ಜಿಡ್ಡು ಹೋಗದ ಸ್ವೀಟ್ ಡಬ್ಬಗಳು. ಇರುವೆ ಸತ್ತು ಅಂಟಿಕೊಂಡ ಟೇಪನ್ನೂ ಅವಳು ಎಸೆದಿರಲಿಲ್ಲ. ಉಳಿತಾಯ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಎರಡನೇ ಸಲ ಬಳಸಿದ ಕಾಗದಕ್ಕೆ ಮರ್ಯಾದೆ ಕಡಿಮೆಯೇನಲ್ಲ. ಅವಳು ಉಳಿಸುತ್ತಿದ್ದದ್ದು ಬೇರೆ ಕೆಲಸಕ್ಕೆ.

ಅವಳ ನಾದಿನಿ ಚೆನ್ನಾಜಮ್ಮ ದೋಸೆ ಹಿಟ್ಟು ರುಬ್ಬಿ ಮಾರಿ ಎರಡು ಕೋಣೆಯ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಹೊರಡುವಾಗ ಪಂಕಜಾಕ್ಷಿ ಸೆರಗಿನ ತುದಿಗೆ ಎಂಜಲು ಹಚ್ಚಿ ನನ್ನ ಮುಚ್ಚಳ ಉಜ್ಜಿದಳು. ಥೂ! ಆಮೇಲೆ ಬೀದಿಬದಿಯಲ್ಲಿ ಕೊಂಡ ಮುನ್ನೂರು ರೂಪಾಯಿಯ ಸೀರೆಯನ್ನು ನನ್ನೊಳಗೆ ತುರುಕಿದಳು. ಅದರ ಗಂಜಿಗೂ ಬಣ್ಣಕ್ಕೂ ಸೀಮೆಎಣ್ಣೆಯ ನಾತ. ಅದರ ಮೇಲೆ ಸೆಂಟು ಬೇರೆ ಹೊಡೆದಳು.

“ಲೇ, ಇದು ನಿನ್ ರೇಷ್ಮೆ ಸೀರೆ ಬಾಕ್ಸ್ ಅಲ್ವೇನೇ?” ಎಂದ ಗಂಡ.

“ನೀವು ಸುಮ್ನಿರಿ. ಕೊಡೋವಾಗ ಒಂದು ಗತ್ತು ಬೇಡ್ವಾ? ನಿಮ್ ತಂಗಿ ಕೂತ್ಕೊಂಡು ಎಳೆ ಎಣಿಸ್ತಾಳಾ?”

ಚೆನ್ನಾಜಮ್ಮ ಎಣಿಸಲಿಲ್ಲ. ಮುಚ್ಚಳ ಓದಿದಳು, ಕಣ್ಣು ತುಂಬಿಕೊಂಡಳು. “ನನಗ್ಯಾಕೆ ಅತ್ತಿಗೆ ಇಷ್ಟೊಂದು?” ಎಂದಳು. ಅಂಥ ಅಂಗಡಿಯ ಮೆಟ್ಟಿಲನ್ನೇ ಅವಳು ಹತ್ತಿರಲಿಲ್ಲ. ಒಳ್ಳೆಯ ದಿನಕ್ಕೆ ಉಡಬೇಕೆಂದು ನನ್ನನ್ನು ಹಾಗೆಯೇ ಎತ್ತಿಟ್ಟಳು.

ಮುಯ್ಯಿ ಎಂದರೆ ಪಡೆದಷ್ಟನ್ನು ತಿರುಗಿ ಕೊಡುವುದು. ಕಡಿಮೆ ಕೊಟ್ಟ ಹೆಣ್ಣು ತವರಿನಲ್ಲಿ ತಲೆಯೆತ್ತುವ ಹಾಗಿಲ್ಲ. ಪಂಕಜಾಕ್ಷಿಯ ಮಗಳಿಗೆ ಮದುವೆ ಗೊತ್ತಾದಾಗ ಚೆನ್ನಾಜಮ್ಮ ಕಿವಿಯ ಓಲೆ ಬಿಚ್ಚಿ ಸೆರಗಿಗೆ ಗಂಟು ಹಾಕಿಕೊಂಡಳು. ಬೆಲೆ ತಿಳಿದ ಮೇಲೆ ಅಡವಿಡಬೇಕೆಂದಿದ್ದಳು. ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ, ನಾನು ಹುಟ್ಟಿದ ಅಂಗಡಿಗೇ ಬಂದಳು.

“ಅಣ್ಣಾ, ಇದೇ ಥರದ್ದು, ಇದೇ ರೇಟಿಂದು ಒಂದು ತೋರ್ಸಿ.”

ಅಂಗಡಿಯವನು ಸೀರೆಯ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. “ಬಾಕ್ಸ್ ಮಾತ್ರ ನಮ್ದು ಕಣಮ್ಮಾ. ಸೀರೆ ಬೀದಿಬದೀದು, ಮುನ್ನೂರರ ಮಾಲು. ಇಂಥದ್ರಲ್ಲಿ ನಾವು ನೆಲಾನೂ ಒರೆಸಲ್ಲ.”

ಪಕ್ಕದಲ್ಲಿದ್ದವರು ನಕ್ಕರು. ಚೆನ್ನಾಜಮ್ಮನ ಮುಖ ಕಪ್ಪಿಟ್ಟಿತು. ಎದ್ದು ಅಂಗಡಿಯ ದೊಡ್ಡ ಕನ್ನಡಿಯ ಮುಂದೆ ನಿಂತು ಓಲೆಗಳನ್ನು ಮತ್ತೆ ಕಿವಿಗೆ ಹಾಕಿಕೊಂಡಳು. “ಒಳ್ಳೇದೇ ಆಯ್ತು ಬಿಡಪ್ಪಾ” ಎಂದಳು.

ಮದುವೆಗೆ ಅವಳು ತಂದದ್ದು ಮುನ್ನೂರರದೇ ನೂಲಿನ ಸೀರೆ. ಹಳೆಯ ಪಂಚೆಯ ತುಂಡನ್ನು ಅರಿಸಿನದಲ್ಲಿ ಅದ್ದಿ ಒಣಗಿಸಿ, ಅದರಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಗಂಟಿಗೆ ಮರುಗ ಸಿಕ್ಕಿಸಿದ್ದಳು. ಖರ್ಚೇ ಇಲ್ಲ, ಆದರೆ ಎಷ್ಟು ಚೆಂದ! ಮದುಮಗಳು ಅದನ್ನು ಮೂಸಿ ನಕ್ಕಳು.

ಪಂಕಜಾಕ್ಷಿ ಮೂಗು ಮುರಿದಳು. “ಏನೇ ಚೆನ್ನಾಜಿ, ಚಿಂದೀಲಿ ಕಟ್ಕೊಂಡ್ ಬಂದಿದ್ದೀಯ? ಒಂದು ಬಾಕ್ಸೂ ಸಿಗ್ಲಿಲ್ವಾ?”

“ಸಿಕ್ತು ಅತ್ತಿಗೆ. ನಿಮ್ದೇ ಅಲ್ವಾ?” ಚೆನ್ನಾಜಮ್ಮ ಚೀಲದಿಂದ ನನ್ನನ್ನು ತೆಗೆದು, ನೆಂಟರ ಎದುರಿಗೇ ಮುಚ್ಚಳ ಬಿಚ್ಚಿ ಖಾಲಿ ಹೊಟ್ಟೆ ತೋರಿಸಿದಳು. “ಜೋಪಾನ. ಮುಂದಿನ ಮುಯ್ಯಿಗೆ ಬೇಕಾಗ್ತದೆ.”

ಯಾರೋ ಕಿಸಕ್ಕನೆ ನಕ್ಕರು. ಪಂಕಜಾಕ್ಷಿ ನನ್ನನ್ನು ಕಿತ್ತುಕೊಂಡು ಛತ್ರದ ಹಿಂಬದಿಗೆ ಬೀಸಾಡಿದಳು.

ಈಗ ನಾನು ಎಂಜಲೆಲೆಗಳ ರಾಶಿಯಲ್ಲಿ ಬಿದ್ದಿದ್ದೇನೆ. ಸಾರು ಒಳಗಿಳಿದು ಮೈ ಉಬ್ಬಿದೆ. ನಾಯಿಯೊಂದು ಮೂಸಿ ನೋಡಿ, ತಿನ್ನಲು ಏನೂ ಇಲ್ಲವೆಂದು ಹೋಯಿತು. ಈ ನಾತ ಅಸಹ್ಯವೇ. ಆದರೂ ಆ ಸೆಂಟಿನಷ್ಟು ಅಸಹ್ಯವಲ್ಲ. ಇಲ್ಲಿ ಹಳಸಿದ್ದು ಹಳಸಿದ ವಾಸನೆಯನ್ನೇ ಬೀರುತ್ತದೆ.

ಚೆನ್ನಾಜಮ್ಮ ಊಟಕ್ಕೆ ಕೂರದೆ ಹೊರಟುಹೋದಳು. ಅವಳಿಗೆ ಓಲೆ ಉಳಿಯಿತು, ತವರು ಹೋಯಿತು.