ಗುಂಡಿ ಅಂಗಡಿಯ ಕುರ್ಚಿ

"ಒಂದೊಂದೇ ಬಿಚ್ಚಮ್ಮ. ಬಟ್ಟೆ ಹರೀಬಾರದು," ಎಂದು ಕಾರ್ಯದರ್ಶಿಗಳು ಕತ್ತರಿಯನ್ನು ವರದಿಯಮ್ಮನ ಕೈಗಿಟ್ಟರು.

ಅಂಗಳದಲ್ಲಿ ಹಾಸಿದ ಬಿಳಿ ದುಪ್ಪಟಿಯ ಮೇಲೆ ಗಾಲಿಕುರ್ಚಿ ನಿಂತಿತ್ತು, ಕ್ಷೌರಕ್ಕೆ ಕೂರಿಸಿದ ಮಗುವಿನ ಹಾಗೆ ಮುಖ ಸಪ್ಪಗೆ ಮಾಡಿಕೊಂಡು. ಅದರ ಬೆನ್ನಿನ ಕಪ್ಪು ಬಟ್ಟೆಯ ಹಿಂಬದಿಯ ತುಂಬ ಗುಂಡಿಗಳು. ಅಂಗಿಯ ಸಣ್ಣ ಬಿಳಿ ಗುಂಡಿ, ಕೋಟಿನ ದಪ್ಪ ಕಂದು ಗುಂಡಿ, ಮಗುವಿನ ಫ್ರಾಕಿನ ಬಾತುಕೋಳಿ ಗುಂಡಿ, ಮುತ್ತಿನಂಥದ್ದು, ಹಿತ್ತಾಳೆಯದ್ದು, ಯಾವ ಕಾಲದ್ದೋ ಮರದ್ದು. ಸಾಲಾಗಿ, ಭದ್ರವಾಗಿ ಹೊಲಿದಿದ್ದರು. ಆ ಗುಂಡಿಗಳ ಕೆಳಗೆಲ್ಲೋ ದಾನಿಯೊಬ್ಬರ ತಾಯಿಯ ಹೆಸರು ಇರಬೇಕಿತ್ತು.

ವರದಿಯಮ್ಮನಿಗೆ ಬೆಳಗಿನಿಂದ ತಲೆ ಚಿಟ್ಟು ಹಿಡಿದಿತ್ತು. ಅವಳು ಕೆಲಸಕ್ಕಿದ್ದ ಸಂಸ್ಥೆ ಕಾಯಿಲೆಯವರಿರುವ ಮನೆಗಳಿಗೆ ಗಾಲಿಕುರ್ಚಿ, ಮಂಚ, ಊರುಗೋಲುಗಳನ್ನು ಬಾಡಿಗೆ ಇಲ್ಲದೆ ಕೊಡುತ್ತಿತ್ತು; ಬೇಕಾದಷ್ಟು ಕಾಲ ಇಟ್ಟುಕೊಂಡು ವಾಪಸು ಮಾಡಿದರೆ ಸಾಕು. ವರ್ಷವಿಡೀ ಕಸಬರಿಕೆಯಿಂದ ಲೆಕ್ಕದವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಅವಳ ಮೇಲೆ ವಾರ್ಷಿಕ ವರದಿಯೂ ಬಿದ್ದು, ಅದೇ ಹೆಸರಾಗಿ ಅಂಟಿಕೊಂಡಿತ್ತು. ಹೋದ ವರ್ಷದ ವರದಿಯಲ್ಲಿ ಪುಟಪುಟಕ್ಕೂ ನಗುವ ಮುಖಗಳು. ಅದನ್ನು ಓದಿದ ಒಬ್ಬ ಹಳೆಯ ದಾನಿ ಫೋನು ಮಾಡಿ, ನಿಮ್ಮಲ್ಲಿ ವರ್ಷದಲ್ಲಿ ಒಂದು ದಿನವೂ ಏನೂ ಕೆಡಲಿಲ್ಲವೇ ಎಂದು ಕೇಳಿ, ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಿದ್ದರು. ಆಮೇಲೆ ಅವರ ಕಡೆಯಿಂದ ಏನೂ ಬರಲಿಲ್ಲ. ಅವರ ಹಾಗೆ ಇನ್ನೂ ಕೆಲವರು ತಣ್ಣಗಾದರು. ಈಗ ಹಿಂದಿನ ಶೆಡ್ಡಿನಲ್ಲಿ ಕೊಡಲು ಒಂದೂ ಕುರ್ಚಿ ಉಳಿದಿರಲಿಲ್ಲ. ಕೇಳಿಕೊಂಡು ಬಂದವರಿಗೆ ಇಲ್ಲ ಎನ್ನುವ ಕೆಲಸವೂ ವರದಿಯಮ್ಮನದೇ. ನಿನ್ನೆ ಒಬ್ಬ ಗಂಡಸು ಹೆಂಡತಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಬಂದು, ಹಾಗೇ ಹೊತ್ತುಕೊಂಡು ಹೋಗಿದ್ದ.

ಉಳಿದಿದ್ದ ಆಸೆಯೆಂದರೆ ಈ ಕುರ್ಚಿ ಕೊಟ್ಟ ದಾನಿ. ತೀರಿಕೊಂಡ ತಾಯಿಯ ನೆನಪಿಗೆಂದು ಕೊಟ್ಟು, ಬೆನ್ನಿಗೆ ಅವರ ಹೆಸರು ಬರೆಸಿದ್ದರು. ಇನ್ನಷ್ಟು ಕುರ್ಚಿ ಕೊಡುವಿರಾ ಎಂದು ವರದಿಯಮ್ಮ ಕೇಳಿದಾಗ, ಅಮ್ಮನ ಕುರ್ಚಿ ಹೇಗಿದೆ ಎಂದು ವರದಿಯಲ್ಲಿ ಒಂದು ಸಲ ತೋರಿಸಿ, ಆಮೇಲೆ ಮಾತಾಡೋಣ ಎಂದಿದ್ದರು. ಅಮ್ಮ ಹಾಸಿಗೆಯಲ್ಲಿ ಕೂತೇ ಇಡೀ ಬೀದಿಯನ್ನು ಬೈದು ಆಳುತ್ತಿದ್ದರು, ಈಗ ಮನೆಯಲ್ಲಿ ಸದ್ದೇ ಇಲ್ಲ ಎಂದೂ ಹೇಳಿದ್ದರು. ವರದಿಯಮ್ಮ ಆ ಮಾತನ್ನು ಕರಡಿನಲ್ಲಿ ಸೇರಿಸಿದ್ದಳು. ಕಾರ್ಯದರ್ಶಿಗಳು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದರು.

ಕಾರ್ಯದರ್ಶಿಗಳು ಕೆಟ್ಟವರಲ್ಲ. ಜೀವಮಾನವಿಡೀ ವಿಮೆ ಮಾರಿದವರು. ಸಾವಿನ ಮಾತನ್ನು ನಗುನಗುತ್ತ ಆಡುವುದು ಅವರಿಗೆ ರೂಢಿ. ಜನ ಕಣ್ಣಿನಿಂದ ನಂಬುತ್ತಾರೆ, ಕಿವಿಯಿಂದಲ್ಲ ಎನ್ನುತ್ತಿದ್ದರು. ಈ ಸಲದ ವರದಿಗೆ 'ನಂಬಿಕೆಯೇ ನಮ್ಮ ಬಂಡವಾಳ' ಎಂದು ತಾವೇ ಹೆಸರಿಟ್ಟು, ಮುಖಪುಟಕ್ಕೆ ಈ ಕುರ್ಚಿಯ ಫೋಟೋ ಬೇಕೆಂದು, ಒಂದು ಗಂಟೆಯಲ್ಲಿ ವಾಪಸು ಕೊಡುತ್ತೇವೆಂದು ಹೇಳಿ, ಅದರಲ್ಲಿ ಕೂತು ಗುಂಡಿ ಅಂಗಡಿ ನಡೆಸುವ ಗುಂಡಿಯಮ್ಮನ ಅಡಿಯಿಂದಲೇ ಅದನ್ನು ತರಿಸಿಕೊಂಡಿದ್ದರು. ಅದು ಬೆಳಿಗ್ಗೆ. ಈಗ ಬಿಸಿಲು ನೆತ್ತಿ ದಾಟಿತ್ತು. ಕುರ್ಚಿಯ ಬಲಗೈಯನ್ನು ಯಾರೋ ಗರಗಸದಲ್ಲಿ ಕೊಯ್ದಿದ್ದರು. ಅದನ್ನು ನೋಡಿ ಕಾರ್ಯದರ್ಶಿಗಳು, ದಾನಿಗಳು ಇದನ್ನ ನೋಡಿದ್ರೆ ಎದೆ ಒಡ್ಕೊಳ್ತಾರೆ ಎಂದು ಹೊಸ ಕೈ ತರಿಸಿದ್ದರು. ಕುರ್ಚಿಗಳ ರಿಪೇರಿಯನ್ನೂ ವ್ಯಾನನ್ನೂ ನೋಡಿಕೊಳ್ಳುವ ಸ್ಪ್ಯಾನರ್ ಮಾವನನ್ನು, ಹೆಸರಿಗೆ ಬಣ್ಣ ತುಂಬಿಸಲು ಬೋರ್ಡು ಬರೆಯುವವನನ್ನು ಕರೆದುಕೊಂಡು ಬಾ ಎಂದು ಅಟ್ಟಿದ್ದರು. ಫೋಟೋದವನು ಮೆಟ್ಟಿಲ ಮೇಲೆ ಕೂತು ಎರಡನೆಯ ಸಲದ ಚಹಾ ಕುಡಿಯುತ್ತಿದ್ದ.

ವರದಿಯಮ್ಮ ಹಲ್ಲು ಕಚ್ಚಿ ಒಂದು ಗುಂಡಿ ಬಿಚ್ಚಿದಳು. ಮರದ ಗುಂಡಿ. ಅದರ ಕೆಳಗೆ ಅಕ್ಷರವೇ ಇರಲಿಲ್ಲ. ಬಣ್ಣವೆಲ್ಲ ಸವೆದು, ಯಾರೋ ಅತ್ತು ಒರೆಸಿಕೊಂಡಂಥ ಒಂದು ಬಿಳಿ ಕಲೆ.

"ಹೆಸರೇ ಇಲ್ಲ, ಸರ್."

"ಬರೆಸೋಣ. ಅದಕ್ಕೇ ತಾನೇ ಬೋರ್ಡಿನವನನ್ನ ಕರೆಸ್ತಿರೋದು?"

ಆಗ ಒಳಗೆ ಫೋನು ಹೊಡೆದುಕೊಂಡಿತು. ಗುಂಡಿಯಮ್ಮನ ತಂಗಿ, ಮೂರನೆಯ ಸಲ. ಅಕ್ಕನನ್ನು ಗಿರಾಕಿಗಳೆದುರು ನೆಲದ ಮೇಲೆ ಕೂರಿಸಿದ್ದೇನೆ, ಮುಚ್ಚೋಣ ಎಂದರೆ ಕೇಳುವುದಿಲ್ಲ, ಬೈದು ಬೈದು ಅವಳ ಗಂಟಲು ಒಣಗಿದೆ, ನನ್ನ ಕಿವಿ ತೂತಾಗಿದೆ, ನೀವು ಧರ್ಮ ಮಾಡುವವರೋ ಜಪ್ತಿ ಮಾಡುವವರೋ ಎಂದು ಕೇಳಿದಳು. ವರದಿಯಮ್ಮ ಮೊದಲಿನೆರಡು ಸಲದ ಹಾಗೆಯೇ, ಇನ್ನೇನು ಬಂತು ಎಂದಳು. ಹೇಳುವಾಗ ತನ್ನ ಬಾಯಿಯೇ ತನಗೆ ಕಹಿಯಾಯಿತು.

ಹೊರಗೆ ಬಂದರೆ ಕಾರ್ಯದರ್ಶಿಗಳ ಕೈಯಲ್ಲಿ ಒಂದು ಶಾಲು. ಗುಂಡಿಯಮ್ಮನನ್ನೇ ಕರೆಸೋಣವೆಂದರೆ ಆಕೆ ಮುಖ ಗಂಟು ಹಾಕಿಕೊಂಡೇ ಹುಟ್ಟಿದವರು. ಮುಖಪುಟಕ್ಕೆ ಶಾಂತವಾದ ಮುಖ ಬೇಕು. ಆದ್ದರಿಂದ ವರದಿಯಮ್ಮನೇ ಕಾಲಿನ ಮೇಲೆ ಶಾಲು ಹೊದ್ದು ಕೂರಬೇಕಂತೆ. ಮಾವ ಬಂದು ಹೊಸ ಕೈ ಜೋಡಿಸುವಷ್ಟರಲ್ಲಿ ಹೊಂದಿಸಿ ನೋಡಲು, ಒಂದೇ ನಿಮಿಷವಂತೆ. ಕಾಲು ಯಾರಿಗೆ ಕಾಣುತ್ತದೆ?

ಬೇಡವೆನ್ನಲು ಬಾಯಿ ತೆರೆದವಳು, ಬೆನ್ನ ಮೇಲೆ ಹೆಂಡತಿಯನ್ನು ಹೊತ್ತವನ ನೆನಪಾಗಿ ಬಾಯಿ ಮುಚ್ಚಿ ಕೂತಳು. ಫೋಟೋದವನು ಸ್ವಲ್ಪ ನಗಿ ಅಂದ. ಕಾರ್ಯದರ್ಶಿಗಳು, ನಗು ಬೇಡ, ಕೃತಜ್ಞತೆ ಸಾಕು ಅಂದರು. ಅವಳು ಕೃತಜ್ಞತೆಗಾಗಿ ಹುಡುಕುತ್ತ ಬಲಮೊಣಕೈಯನ್ನು ಊರಲು ಹೋದಳು. ಅಲ್ಲಿ ಏನೂ ಇರಲಿಲ್ಲ. ಕೈ ಕೆಳಗೆ ಜಾರಿ, ಸೀಟಿನ ಪಕ್ಕಕ್ಕೆ ಕಟ್ಟಿದ್ದ ಸಣ್ಣ ಬಟ್ಟೆ ಚೀಲದೊಳಗೆ ಹೋಯಿತು. ಒಂದು ಸೂಜಿ, ದಾರದ ಉಂಡೆ, ತುಂಡು ಮೇಣ, ಅರ್ಧ ತಿಂದು ಮಡಿಸಿಟ್ಟ ಬಿಸ್ಕತ್ತಿನ ಪೊಟ್ಟಣ. ಯಾರದೋ ಮನೆಗೆ ಯಾರೂ ಇಲ್ಲದಾಗ ನುಗ್ಗಿ, ಅವರ ಹಾಸಿಗೆಯಲ್ಲಿ ಮಲಗಿದಂತಾಯಿತು ಅವಳಿಗೆ.

ಎದ್ದಳು. ಶಾಲನ್ನು ಮಡಿಸಿ ಕಾರ್ಯದರ್ಶಿಗಳ ತೋಳಿನ ಮೇಲೆ ಹಾಕಿದಳು. ಕುರ್ಚಿಯ ಹಿಡಿ ಹಿಡಿದು ಗೇಟಿನ ಕಡೆಗೆ ತಿರುಗಿಸಿದಳು. ವ್ಯಾನು ಬರಲಿ ಎಂದು ಅವರು ಕೂಗಿದರು, ಸಂಜೆಗೆ ಪ್ರೆಸ್ಸಿಗೆ ಹೋಗಬೇಕು ಎಂದು ಕೂಗಿದರು, ದಾನಿಗಳಿಗೆ ನಾನೇನು ಹೇಳಲಿ ಎಂದು ಕೂಗಿದರು. ಕೊನೆಯದೊಂದೇ ಅವಳ ಬೆನ್ನಿಗೆ ನಾಟಿತು. ಆದರೂ ನಿಲ್ಲಲಿಲ್ಲ.

ಅಜ್ಜಿಯರ ಕತೆಗಳಲ್ಲಿ ರಾಜನಿಲ್ಲದ ಪಲ್ಲಕ್ಕಿ ಬೀದಿಯಲ್ಲಿ ಹೋದರೂ ಜನ ದಾರಿ ಬಿಡುತ್ತಾರೆ. ಖಾಲಿ ಕುರ್ಚಿಗೂ ಹಾಗೇ ಆಯಿತು. ಸೈಕಲ್ಲಿನವನು ಇಳಿದು ನಿಂತ, ಲಾರಿಯೊಂದು ಹಾರ್ನು ನುಂಗಿಕೊಂಡಿತು, ಎದುರು ಬಂದ ಹೆಂಗಸು ಸೀಟನ್ನು ನೋಡಿ, ಅಯ್ಯೋ ಹೋಗಿಬಿಟ್ರಾ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಬೈತಾ ಕೂತಿದಾರೆ ಎಂದು ವರದಿಯಮ್ಮ ಉತ್ತರಿಸಿ ಮುಂದೆ ನಡೆದಳು. ಎಡಗಾಲಿ ಸುತ್ತಿಗೊಮ್ಮೆ ಕಿರ್ರೆನ್ನುತ್ತಿತ್ತು.

ಅಂಗಡಿ ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡ ಒಂದು ಗೂಡು. ಕಟ್ಟೆಯ ಮುಂದೆ ಇಬ್ಬರು ಗಿರಾಕಿಗಳು ಬಾವಿ ಇಣುಕುವವರ ಹಾಗೆ ಬಗ್ಗಿ ನಿಂತಿದ್ದರು. ಒಳಗಿನ ಆಳದಿಂದ ದನಿ ಮಾತ್ರ ಬರುತ್ತಿತ್ತು: ನೀಲಿ ಅಂದರೆ ಯಾವ ನೀಲಿ, ಆಕಾಶಕ್ಕೂ ಶಾಯಿಗೂ ವ್ಯತ್ಯಾಸ ಇಲ್ಲವೇ, ತೋರಿಸೋಣವೆಂದರೆ ನನ್ನ ಅಂಗಡಿಯ ಬೋರ್ಡನ್ನೇ ಹೊತ್ತುಕೊಂಡು ಹೋಗಿದ್ದಾರೆ. ಆಮೇಲೆ ಒಂದು ಕೈ ಮೇಲೆದ್ದು ಕಟ್ಟೆಯ ಮೇಲೆ ನಾಲ್ಕು ಗುಂಡಿ ಇಟ್ಟು ಮತ್ತೆ ಮುಳುಗಿತು.

ಕುರ್ಚಿಯ ಸದ್ದು ಕೇಳಿದ್ದೇ ಒಳಗೆ ಮಾತು ನಿಂತಿತು.

"ಬಂತಾ ಸವಾರಿ?" ಎಂದಳು ಗುಂಡಿಯಮ್ಮ ನೆಲದಿಂದಲೇ. "ವರ್ಷಕ್ಕೊಂದು ಸಲ ಬರೋ ವರದಿಗೆ ನಾನು ದಿನಾ ಕೂರೋ ಕುರ್ಚಿನೇ ಬೇಕಾಯ್ತೇನಮ್ಮ ನಿಮಗೆ?"

ವರದಿಯಮ್ಮ ಕುರ್ಚಿಯನ್ನು ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸಿದಳು. ಅವಳೂ ತಂಗಿಯೂ ಸೇರಿ ಗುಂಡಿಯಮ್ಮನನ್ನು ಮೊದಲು ಒಂದು ಪೆಟ್ಟಿಗೆಯ ಮೇಲೆ ಕೂರಿಸಿದರು. ಅಲ್ಲಿಂದ ಆಕೆ ಯಾರ ಸಹಾಯವೂ ಇಲ್ಲದೆ, ಕೊಯ್ದ ಬಲಗೈಯ ಜಾಗದಿಂದ ಸರಕ್ಕನೆ ಸೀಟಿಗೆ ಜಾರಿಕೊಂಡಳು. ಕುರ್ಚಿಯ ಬಲಮಗ್ಗುಲು ಕಟ್ಟೆಯ ಕೆಳಗೆ ಸಲೀಸಾಗಿ ಸೇರಿತು. ಕೈ ಇದ್ದಿದ್ದರೆ ಸೇರುತ್ತಿರಲಿಲ್ಲ. ಚೀಲ ತಡವಿ ಬಿಸ್ಕತ್ತು ಇದೆಯೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಕಪಾಟಿನ ಕಡೆ ತಿರುಗಿದಳು. ಗಿರಾಕಿಗಳ ಕಡೆಗೆ ಈಗ ಕುರ್ಚಿಯ ಬೆನ್ನು. ಒಬ್ಬಳು ಅದರ ಮೇಲೆ ಬೆರಳಿಟ್ಟು, ಇಂಥದ್ದೇ ನೀಲಿ ಅಂದಳು. ಮೊದಲೇ ಹೇಳೋಕೇನಾಗಿತ್ತು ಎಂದು ಗುಂಡಿಯಮ್ಮ ತಿರುಗಿ ನೋಡದೆ ಡಬ್ಬಿಗೆ ಕೈಹಾಕಿದಳು.

ವರದಿಯಮ್ಮ ತನ್ನ ಫೋನಿನಲ್ಲಿ ಆ ಬೆನ್ನಿನ ಚಿತ್ರ ಹಿಡಿದಳು. ಮುಖವಿಲ್ಲ, ಹೆಸರಿಲ್ಲ, ಕೃತಜ್ಞತೆಯಂತೂ ಮೊದಲೇ ಇಲ್ಲ. ಗುಂಡಿಗಳ ನಡುವೆ, ಅವಳೇ ಬಿಚ್ಚಿದ ಜಾಗದಲ್ಲಿ, ಒಂದು ಬೋಳು.

"ಅಲ್ಲಿದ್ದ ಮರದ್ದೆಲ್ಲಿ?" ಗುಂಡಿಯಮ್ಮ ಬೆನ್ನಿನಲ್ಲೂ ಕಣ್ಣಿಟ್ಟುಕೊಂಡವಳ ಹಾಗೆ, ಹಿಂದಕ್ಕೆ ಕೈಯಾಡಿಸಿ ಕೇಳಿದಳು.

ವರದಿಯಮ್ಮ ಮುಷ್ಟಿ ಬಿಚ್ಚಿದಳು. ದಾರಿಯುದ್ದಕ್ಕೂ ಹಿಡಿದುಕೊಂಡೇ ಬಂದಿದ್ದ ಗುಂಡಿ ಅಂಗೈಯಲ್ಲಿ ತನ್ನ ಅಚ್ಚನ್ನು ಒತ್ತಿತ್ತು.

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಸ್ಪ್ಯಾನರ್ ಮಾವ ನನಗೇನೂ ಗೊತ್ತಿಲ್ಲಪ್ಪ ಎಂಬ ಮುಖದಲ್ಲಿ ಸ್ಟಿಯರಿಂಗಿಗೆ ಒರಗಿ ಕೂತ. ಕಾರ್ಯದರ್ಶಿಗಳು ಹೊಸ ಕುರ್ಚಿಕೈಯನ್ನು ಗದೆಯಂತೆ ಹಿಡಿದು ಇಳಿದರು. ಬಂದ ರಭಸಕ್ಕೆ ಅವರ ಕೋಟಿನ ನಡುವೆ ಗುಂಡಿಯ ಬದಲು ಚುಚ್ಚಿಕೊಂಡಿದ್ದ ಪಿನ್ನು ಬಿಚ್ಚಿಹೋಗಿ ಹೊಟ್ಟೆ ಇಣುಕುತ್ತಿತ್ತು. ಅಂಗಡಿಯ ಮುಂದೆ ಗಲಾಟೆ ಬೇಡವೆಂದು ಹಲ್ಲಿನ ನಡುವೆಯೇ ಮಾತಾಡಿದರು.

"ಆಯ್ತಮ್ಮ, ಸತ್ಯ ತಾನೇ ನಿಂಗೆ? ಮಾಡು ಫೋನು. ನಿಮ್ಮಮ್ಮನ ಹೆಸರು ಅಳಿಸ್ಹೋಗಿದೆ, ಮೇಲೆ ಅಂಗಡಿ ಇಟ್ಟಿದಾರೆ ಅಂತ ನೀನೇ ಹೇಳು. ಆಮೇಲೆ ಶೆಡ್ಡಿಗೆ ಕುರ್ಚಿ ಎಲ್ಲಿಂದ ಬರುತ್ತೆ, ಅದನ್ನೂ ನೀನೇ ಹೇಳು."

ಅವರು ಹೆದರಿಸಲೆಂದು ಹೇಳಿದ್ದು. ವರದಿಯಮ್ಮನಿಗೂ ಹೆದರಿಕೆಯಾಯಿತು. ಆದರೂ ಚಿತ್ರವನ್ನು ದಾನಿಗೆ ಕಳಿಸಿ, ಅವರ ನಂಬರು ಒತ್ತಿದಳು. ಹೆಸರು ಸವೆದುಹೋಗಿದೆ, ನಾವು ನೋಡಿಕೊಳ್ಳಲಿಲ್ಲ ಎಂದಳು. ಬಲಗೈ ಕೊಯ್ದಿದ್ದಾರೆ, ಕೈ ಇದ್ದರೆ ಕುರ್ಚಿ ಅಂಗಡಿಯೊಳಗೆ ಹಿಡಿಯುವುದಿಲ್ಲ ಎಂದಳು. ಇದನ್ನು ಮುಚ್ಚಿಡಲು ಹೋಗಿ ಈವತ್ತು ಅರ್ಧ ದಿನ ಅದರಲ್ಲಿ ಕೂರುವವರನ್ನು ನೆಲದ ಮೇಲೆ ಕೂರಿಸಿದೆವು, ಇದೇ ಚಿತ್ರ ಹಾಕಿ ಇದನ್ನೂ ವರದಿಯಲ್ಲಿ ಬರೆಯುತ್ತೇನೆ ಎಂದಳು. ಕಾರ್ಯದರ್ಶಿಗಳು ಕಣ್ಣು ಮುಚ್ಚಿಕೊಂಡರು.

ಆ ಕಡೆಯಿಂದ ದಾನಿ ಕೇಳಿದರು:

"ಈಗ ಯಾರಾದ್ರೂ ಕೂತಿದಾರಾ ಅದ್ರಲ್ಲಿ?"

"ಕೂತಿದಾರೆ ಸರ್."

"ಏನ್ಮಾಡ್ತಿದಾರೆ?"

ವರದಿಯಮ್ಮ ತಲೆಯೆತ್ತಿ ನೋಡಿದಳು. ಗುಂಡಿಯಮ್ಮ ಸೂಜಿಗೆ ದಾರ ಪೋಣಿಸುತ್ತ, ಬೆಳಕಿಗೆ ಅಡ್ಡ ನಿಂತ ಕಾರ್ಯದರ್ಶಿಗಳನ್ನು ಗದರುತ್ತಿದ್ದಳು.

"ಬೈತಿದಾರೆ," ಅಂದಳು.

ಆ ದನಿ, ಸ್ವಲ್ಪ ತಗ್ಗಿ, ಫೋನು ಕಟ್ ಮಾಡದೆ ಅಲ್ಲೇ ಇಡ್ತೀರಾ ಎಂದು ಕೇಳಿತು.

ಅವಳು ಫೋನನ್ನು ಕಟ್ಟೆಯ ಮೇಲೆ, ಬಿಡಿ ಗುಂಡಿಗಳ ತಟ್ಟೆಯ ಪಕ್ಕದಲ್ಲಿಟ್ಟಳು. ಗುಂಡಿಯಮ್ಮನಿಗೆ ಅದರ ಪರಿವೆಯೇ ಇರಲಿಲ್ಲ. ಆ ಗದೆ ಕೆಳಗಿಡಿ ಸ್ವಾಮಿ, ಅಷ್ಟು ದೊಡ್ಡ ಮನುಷ್ಯರು, ಕೋಟಿಗೆ ಪಿನ್ನು ಚುಚ್ಚಿಕೊಂಡು ತಿರುಗುತ್ತೀರಲ್ಲ, ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಎಂದು ಶುರುಮಾಡಿದವಳು, ಕಪಾಟಿನ ಕಡೆ ತಿರುಗಿದ ಮೇಲೂ ನಿಲ್ಲಿಸಲಿಲ್ಲ. ಎಡಗಾಲಿ ಕಿರ್ರೆಂದಿತು. ಕಾರ್ಯದರ್ಶಿಗಳು ಕುರ್ಚಿಕೈಯನ್ನು ಕೆಳಗಿಟ್ಟು, ಒಂದು ಕೈಯಲ್ಲಿ ಕೋಟು ಒತ್ತಿ ಹಿಡಿದು, ಕುರ್ಚಿಯ ಬೆನ್ನಿನ ಮೇಲಿದ್ದ ಕೋಟಿನ ಕಂದು ಗುಂಡಿಯತ್ತ ಬೆರಳು ಚಾಚಿದರು. ಕಟ್ಟೆಯ ಮೇಲೆ ಫೋನಿನ ಬೆಳಕು ಆರಿರಲಿಲ್ಲ.